ನೆಲದೊಳಗಣ ಪಿಂಗಾಣಿ

ಹಳೆಯ ಮನೆಯನ್ನು ಕೆಡಹಿ ಹೊಸದನ್ನು ಕಟ್ಟಿಸಲಿರುವ ವಾಚಕರಲ್ಲಿ ಈ ತಿಂಗಳು ನಮ್ಮದೊಂದು ಬಿನ್ನಹ. ಪಡಸಾಲೆಯ ಚಿತ್ತಾರದ ನೆಲವನ್ನು ಗೌಂಡಿಗಳ ಹಾರೆಗೆ ಒಪ್ಪಿಸುವ ಮೊದಲು ಒಂದು ಚೂರನ್ನಾದರೂ ಕೈಯಲ್ಲಿ ಹಿಡಿದು ನೋಡಿರಿ.

ಒಡೆದ ಬಟ್ಟಲು, ಬಸಿ, ಮೆರುಗಿನ ಬಿಲ್ಲೆಗಳ ತುಂಡುಗಳನ್ನು ಗಾರೆಯಲ್ಲಿ ಕೂರಿಸಿ ಹೂಬಳ್ಳಿ ಬಿಡಿಸುವ ಕೆಲಸಕ್ಕೆ ಮುಂಬಯಿಯ ಕಡೆ ‘ಚೀನಾ ಮೊಸಾಯಿಕ್’ ಎಂದು ಹೆಸರು. ಹೆಸರಿನಲ್ಲಿ ಚೀನವಿದ್ದ ಮಾತ್ರಕ್ಕೆ ಚೂರುಗಳೆಲ್ಲ ಚೀನದವಲ್ಲ. ಮುರಿದ ಅಂಚು ಹಾಲಿನಂತೆ ಬಿಳುಪಾಗಿ, ಗಾಜಿನಂತೆ ನುಣುಪಾಗಿದ್ದರೆ ಅದು ನಿಜವಾದ ಪಿಂಗಾಣಿ. ತೆಳುವಾದುದನ್ನು ಬೆಳಕಿಗೆ ಹಿಡಿದರೆ ಹಿಂದಿನ ಬೆರಳಿನ ನೆರಳೂ ಕಾಣುವುದುಂಟು. ಒಳಗೆ ಒರಟು ಮಣ್ಣಿದ್ದು ಮೇಲೆ ಮಾತ್ರ ಮೆರುಗಿದ್ದರೆ ಸುಟ್ಟ ಮಣ್ಣಿನ ಬಿಲ್ಲೆ. ಮೆರುಗೇ ಇಲ್ಲದೆ ಬಣ್ಣವು ತುಸು ಆಳಕ್ಕೆ ಇಳಿದಿದ್ದರೆ ಸಿಮೆಂಟಿನದು. ಇಡೀ ಬಿಲ್ಲೆ ದೊರೆತರೆ ಅದರ ಬೆನ್ನನ್ನು ತೊಳೆದು ನೋಡಬೇಕು. ಇಂಗ್ಲೆಂಡಿನ ಮಿಂಟನ್ನರ ಹೆಸರೋ ಜಪಾನಿನ ಮುದ್ರೆಯೋ ಅಲ್ಲಿ ಉಬ್ಬಿರುವುದುಂಟು. ಜಪಾನಿನವರಾದರೋ 1920-30ರ ದಶಕಗಳಲ್ಲಿ ನಮ್ಮ ದೇವದೇವಿಯರನ್ನೇ ಬಿಲ್ಲೆಯ ಮೇಲೆ ಮೂಡಿಸಿ ನಮಗೇ ಮಾರಿದ ಜಾಣರು!

ಹೋಟಗಿ-ಗದಗ ರೈಲುದಾರಿಯು 1884ರ ಸುಮಾರಿಗೆ ಬಾಗಲಕೋಟೆ, ಬಾದಾಮಿಗಳನ್ನು ಮುಟ್ಟಿದ ಮೇಲೆ ಇಂತಹ ಭಾರದ, ಒಡೆಯುವ ಸರಕನ್ನು ಬಂದರಿನಿಂದ ತರಿಸುವುದು ಸುಲಭವಾಯಿತು. ಆ ದಾರಿಯಿಂದ ದೂರವುಳಿದ ಹುನಗುಂದ, ಇಳಕಲ್ಲುಗಳಿಗೆ ಬಂಡಿಯೇ ಗತಿ. ಹುಲ್ಲಿನ ನಡುವೆ ಹುಷಾರಾಗಿ ಬಂದ ತಟ್ಟೆಯು ಮನೆಯಲ್ಲಿ ಒಡೆದರೂ ಅದರ ಚೂರನ್ನು ಎಸೆಯಲು ಮನಸ್ಸಾಗದಿದ್ದುದು ಸಹಜವೇ.

ಈ ಸೀಮೆಯ ಕಡಲ ವ್ಯಾಪಾರವಾದರೋ ರೈಲಿಗಿಂತ ಬಹು ಪುರಾತನವಾದುದು. ಹುನಗುಂದದ ನೆರೆಯ ಐಹೊಳೆಯ ಹೆಸರನ್ನು ಹೊತ್ತ ‘ಅಯ್ಯಾವೊಳೆ ಐನೂರ್ವರು’ ಎಂಬ ವರ್ತಕ ಸಂಘದ ತಮಿಳು ಶಾಸನವೊಂದು ಸುಮಾತ್ರಾ ದ್ವೀಪದ ಬಾರೂಸಿನಲ್ಲಿ ದೊರೆತಿದೆ, ಕಾಲ ಕ್ರಿ. ಶ. 1088. ಶಾಸನದಲ್ಲಿ ಬರುವುದು ಕಸ್ತೂರಿಯ ಮಾತು. ಆದರೆ ಅದೇ ನೆಲವನ್ನು ಅಗೆದಾಗ ಸೋಂಗ್ ಅರಸರ ಕಾಲದ ಚೀನೀ ಪಾತ್ರೆಗಳ ಚೂರುಗಳು ದೊರೆತವು. ಮುಂದೆ ವಿಜಯನಗರದ ಸಿರಿವಂತರೂ ಚೀನದ ಪಿಂಗಾಣಿಯಲ್ಲಿ ಉಂಡರೆಂಬುದಕ್ಕೆ ಹಂಪೆಯ ಉತ್ಖನನದಲ್ಲಿ ಸಿಕ್ಕ ಚೂರುಗಳೇ ಸಾಕ್ಷಿ.

ಆಲಮಟ್ಟಿಯ ಹಿನ್ನೀರಿಗೆ ಹಳೆಯ ಬಾಗಲಕೋಟೆಯ ಎಷ್ಟೋ ಓಣಿಗಳು ಸಂದವು. ಮಂದಿ ನವನಗರಕ್ಕೆ ತೊಲೆ, ಕಂಬ, ಬಾಗಿಲುಗಳನ್ನು ಒಯ್ಯಬಹುದಿತ್ತು. ಗಾರೆಗೆ ಕಚ್ಚಿದ ನೆಲವನ್ನು ಒಯ್ಯುವುದೆಂತು? ಉಳಿದ ಮನೆಗಳಲ್ಲಿಯಾದರೂ ಕೀಳುವ ಮುನ್ನ ನೆಲದ ಚಿತ್ರವೊಂದನ್ನು ತೆಗೆಸಿರಿ. ಆಮೇಲೆ ನಾಲ್ಕು ಚೂರುಗಳನ್ನು ತೊಳೆದು, ಯಾರ ಮನೆ, ಯಾವ ಕೋಣೆ, ಕಟ್ಟಿಸಿದ್ದು ಯಾವ ವರ್ಷ ಎಂಬ ಚೀಟಿಯೊಡನೆ ಡಬ್ಬಿಯಲ್ಲಿಡಿರಿ. ಮನೆಯ ಹಿರಿಯರು ಇರುವಾಗಲೇ ಆ ಚೀಟಿಯನ್ನು ಬರೆಯಿಸಿಕೊಳ್ಳುವುದು ಲೇಸು.