‘ಎಷ್ಟು ಹೊತ್ತು ಕಾಯಿಸಬೇಕು?’

ಕಳೆದ ಸಂಚಿಕೆಯನ್ನು ಓದಿದ ಗೃಹಿಣಿಯೊಬ್ಬರು ಒಂದು ಸಂದೇಹವನ್ನು ಬರೆದು ಕಳುಹಿಸಿದ್ದಾರೆ. ಅವರ ಮಗ ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ ಈಗ ಪದವಿಪೂರ್ವ ವಿಜ್ಞಾನ ವರ್ಗವನ್ನು ಸೇರಿದ್ದಾನೆ. ಪ್ರಯೋಗಶಾಲೆಯಲ್ಲಿ “ಹೌ ಲಾಂಗ್ ವಿ ಶುಡ್ ಹೀಟ್ ಇಟ್, ಸರ್?” ಎಂದು ಕೇಳಿದಾಗ ಸಹಪಾಠಿಗಳು ನಕ್ಕರಂತೆ. ಅಂದಿನಿಂದ ಅವನು ಪ್ರಶ್ನೆ ಕೇಳುವುದನ್ನೇ ಬಿಟ್ಟಿದ್ದಾನೆ. ತಪ್ಪು ಎಲ್ಲಿದೆಯೆಂಬುದು ತಾಯಿಗೂ ಹೊಳೆದಿಲ್ಲ. ಕೇಳುವುದನ್ನು ನಿಲ್ಲಿಸಿದ ವಿದ್ಯಾರ್ಥಿಯ ಕಲಿಕೆ ಅಲ್ಲಿಗೇ ನಿಲ್ಲುವುದರಿಂದ ಈ ತಿಂಗಳ ಪುಟವನ್ನು ಆ ಒಂದು ವಾಕ್ಯಕ್ಕೇ ಮೀಸಲಿಡುತ್ತೇನೆ.

ಹುಡುಗನು ಕನ್ನಡದ ನಿಯಮವನ್ನು ಚಾಚೂ ತಪ್ಪದೆ ಪಾಲಿಸಿದ್ದಾನೆ. “ನಾವು ಇದನ್ನು ಹತ್ತು ನಿಮಿಷ ಕಾಯಿಸಬೇಕು” ಎಂಬುದು ಉತ್ತರವಾದರೆ, “ನಾವು ಇದನ್ನು ಎಷ್ಟು ಹೊತ್ತು ಕಾಯಿಸಬೇಕು?” ಎಂಬುದು ಪ್ರಶ್ನೆ. ಉತ್ತರ ಕೂರಬೇಕಾದ ಜಾಗದಲ್ಲಿ ಪ್ರಶ್ನಾಪದವನ್ನು ಕೂರಿಸಿದರೆ ಮುಗಿಯಿತು. ಉಳಿದ ಪದಗಳು ಕದಲುವುದಿಲ್ಲ. ‘ಬೇಕು’ ಎಂಬುದಂತೂ ಕ್ರಿಯಾಪದದ ಬೆನ್ನಿಗೇ ಅಂಟಿಕೊಂಡಿರುತ್ತದೆ. ಇಂಗ್ಲಿಷಿನಲ್ಲಿ ಹಾಗಲ್ಲ. ಅಲ್ಲಿ ‘ಹೌ’ ಎಂಬ ಪ್ರಶ್ನಾಪದವು ತನಗೆ ಸೇರಿದ ‘ಲಾಂಗ್’ ಎಂಬ ಪದವನ್ನು ಕೈಹಿಡಿದುಕೊಂಡು ವಾಕ್ಯದ ತಲೆಗೆ ಬರುತ್ತದೆ; ಅದರ ಹಿಂದೆಯೇ ‘ಶುಡ್’ ಎಂಬ ಸಹಾಯಕ ಕ್ರಿಯಾಪದವು ಕರ್ತೃವನ್ನು ದಾಟಿ ಮುಂದೆ ಬಂದು ನಿಲ್ಲುತ್ತದೆ. “ಹೌ ಲಾಂಗ್ ಶುಡ್ ವಿ ಹೀಟ್ ಇಟ್?” ಎಂಬುದು ಸಾಧುರೂಪ. ಕ್ಯಾನ್, ಕುಡ್, ಮೇ, ಮೈಟ್, ಮಸ್ಟ್, ವಿಲ್, ವುಡ್ ಇವುಗಳಿಗೂ ಇದೇ ಕ್ರಮ. “ಹೌ ಫಾರ್ ಕ್ಯಾನ್ ಯು ಸೀ?”, “ಹೌ ಸೂನ್ ವಿಲ್ ಹಿ ಕಮ್?” ಎಂದು ಮನೆಯಲ್ಲಿ ನಾಲ್ಕು ಬಾರಿ ಬಾಯಲ್ಲಿ ಆಡಿಸಿದರೆ ಕಿವಿಗೇ ಕ್ರಮ ತಿಳಿಯುತ್ತದೆ.

ಈಗ ಸ್ವಾರಸ್ಯವನ್ನು ನೋಡಿರಿ. ಅದೇ ಹುಡುಗನು ತನ್ನ ವಾಕ್ಯದ ಮುಂದೆ “ಪ್ಲೀಸ್ ಟೆಲ್ ಅಸ್” ಎಂಬ ಮೂರು ಪದಗಳನ್ನು ಸೇರಿಸಿದ್ದರೆ ಯಾರೂ ನಗುತ್ತಿರಲಿಲ್ಲ. “ಪ್ಲೀಸ್ ಟೆಲ್ ಅಸ್ ಹೌ ಲಾಂಗ್ ವಿ ಶುಡ್ ಹೀಟ್ ಇಟ್” ಎಂಬುದು ನಿರ್ದುಷ್ಟವಾದ ಇಂಗ್ಲಿಷು! ಪ್ರಶ್ನೆಯು ಇನ್ನೊಂದು ವಾಕ್ಯದ ಒಡಲನ್ನು ಹೊಕ್ಕೊಡನೆ ಸಹಾಯಕ ಕ್ರಿಯಾಪದವು ಕರ್ತೃವಿನ ಹಿಂದಕ್ಕೆ ಮರಳಿ ತನ್ನ ಮೊದಲಿನ ಸ್ಥಾನದಲ್ಲಿ ಕೂರುತ್ತದೆ. ಆದರೆ ನೇರಪ್ರಶ್ನೆಯನ್ನು ಕಷ್ಟಪಟ್ಟು ಕಲಿತ ನಮ್ಮ ಮಕ್ಕಳು ಇಲ್ಲಿ “ಐ ಡು ನಾಟ್ ನೋ ಹೌ ಲಾಂಗ್ ಶುಡ್ ವಿ ಹೀಟ್ ಇಟ್” ಎಂದು ಎಡವುತ್ತಾರೆ. ಇದಕ್ಕೂ ಮೂಲ ಕನ್ನಡದಲ್ಲಿಯೇ ಇದೆ. ನಾವು “ಎಷ್ಟು ಹೊತ್ತು ಕಾಯಿಸಬೇಕು” ಎಂಬ ಪ್ರಶ್ನೆಯನ್ನು ಇಡಿಯಾಗಿ ಎತ್ತಿಟ್ಟು, ಅದರ ತುದಿಗೆ ‘ಎಂದು’ ಹಚ್ಚಿ, “ತಿಳಿಯದು” ಎನ್ನುತ್ತೇವೆ. ‘ಎಂದು’ ಎಂಬ ಆ ಪುಟ್ಟ ಅವ್ಯಯವು ಎಂತಹ ವಾಕ್ಯವನ್ನಾದರೂ ಅಂಗಭಂಗವಿಲ್ಲದೆ ಹೊತ್ತುಕೊಳ್ಳಬಲ್ಲದು. ಇಂಗ್ಲಿಷಿನಲ್ಲಿ ಅಂತಹ ಹೊರುವವನಿಲ್ಲ. ಆದ್ದರಿಂದ ಪದಕ್ರಮವೇ ಬದಲಾಗಬೇಕಾಗುತ್ತದೆ. ಎರಡು ತಪ್ಪುಗಳೂ ಒಂದೇ ಬೇರಿನವು. ಅವನ್ನು ದಡ್ಡತನವೆಂದು ನಗುವವರಿಗೆ ಎರಡು ಭಾಷೆಗಳ ವ್ಯಾಕರಣವೂ ತಿಳಿದಿಲ್ಲವೆಂದೇ ನನ್ನ ಎಣಿಕೆ.

‘ಎಷ್ಟು’ ಎಂಬುದರ ವಿಚಾರವನ್ನೂ ಸ್ವಲ್ಪ ಹೇಳಬೇಕು. ಎಷ್ಟು ಆಳ, ಎಷ್ಟು ಎತ್ತರ, ಎಷ್ಟು ವಯಸ್ಸು ಎನ್ನುವಾಗ ನಾವು ನಾಮಪದಗಳನ್ನು ಬಳಸುತ್ತೇವೆ. ಇಂಗ್ಲಿಷು ಅದೇ ಸ್ಥಾನದಲ್ಲಿ ಡೀಪ್, ಟಾಲ್, ಓಲ್ಡ್ ಎಂಬ ಗುಣವಾಚಕಗಳನ್ನು ಇಡುತ್ತದೆ. ಆದುದರಿಂದಲೇ ತೊಟ್ಟಿಲ ಕೂಸಿನ ವಿಷಯದಲ್ಲಿಯೂ “ಹೌ ಓಲ್ಡ್” ಎಂದು ಕೇಳುತ್ತಾರೆ. ಅಲ್ಲಿ ಮುಪ್ಪಿನ ಸೂಚನೆಯಿಲ್ಲ. “ಹೌ ಶಾರ್ಟ್ ಈಸ್ ಹಿ?” ಎಂದರೆ ಮಾತ್ರ ಅವನು ಕುಳ್ಳನೆಂದು ಮೊದಲೇ ಒಪ್ಪಿಕೊಂಡಂತೆ. ನಮ್ಮಲ್ಲಿಯೂ “ಎಷ್ಟು ದೂರ?” ಎಂಬುದು ನಿಷ್ಪಕ್ಷಪಾತವಾದ ಪ್ರಶ್ನೆ, “ಎಷ್ಟು ಹತ್ತಿರ?” ಎಂಬುದು ಹಾಗಲ್ಲ. ಇನ್ನು “ನೀನು ಎಷ್ಟನೆಯ ಮಗ?” ಎಂಬ ಸರಳವಾದ ಮಾತನ್ನು ಒಂದೇ ಪದದ ಪ್ರಶ್ನೆಯಿಂದ ಕೇಳಲು ಇಂಗ್ಲಿಷಿಗೆ ಸಾಧ್ಯವಿಲ್ಲ. ‘ಎಷ್ಟನೆಯ’ ಎಂಬುದಕ್ಕೆ ಸಮನಾದ ಪದವೇ ಅಲ್ಲಿಲ್ಲ.

ಸಹಾಯಕ ಕ್ರಿಯಾಪದಗಳ ಅರ್ಥವಿಚಾರ ಇನ್ನೂ ಸೊಗಸಾದುದು. ‘ಕ್ಯಾನ್’ ಎಂಬುದರ ಮೂಲಾರ್ಥ ‘ತಿಳಿದಿರು’ ಎಂದು. ನಮ್ಮ ‘ಬಲ್ಲ’ ಶಬ್ದವೂ ಹಾಗೆಯೇ. “ಅವನು ಸಂಗೀತ ಬಲ್ಲ” ಎಂದರೆ ತಿಳಿದವನು, “ಅವನು ಹಾಡಬಲ್ಲ” ಎಂದರೆ ಶಕ್ತನು. ಪಾಣಿನಿಯು ‘ತುಮುನ್’ ಪ್ರತ್ಯಯವನ್ನು ವಿಧಿಸುವ ಸೂತ್ರವೊಂದರಲ್ಲಿ ಶಕ್ತಿಯನ್ನು ಹೇಳುವ ‘ಶಕ್’ ಧಾತುವಿನ ಸಾಲಿನಲ್ಲಿಯೇ, ಅರಿವನ್ನು ಹೇಳುವ ‘ಜ್ಞಾ’ ಧಾತುವನ್ನೂ ಧೈರ್ಯವನ್ನು ಹೇಳುವ ‘ಧೃಷ್’ ಧಾತುವನ್ನೂ ಕೂರಿಸಿದ್ದಾನೆ. ಭಾಷಾಶಾಸ್ತ್ರಜ್ಞರ ಪ್ರಕಾರ ‘ಜ್ಞಾ’ ಮತ್ತು ‘ಕ್ಯಾನ್’ ಒಂದೇ ಮೂಲದಿಂದ ಬಂದವು. ‘ಧೃಷ್’ ಮತ್ತು ‘ಡೇರ್’ ಸಹ ಹಾಗೆಯೇ. “ಹೌ ಡೇರ್ ಯು!” ಎಂದು ಗದರಿಸುವಾಗ ಆ ‘ಡೇರ್’ ಕೂಡ ಕರ್ತೃವನ್ನು ದಾಟಿ ಮುಂದೆ ಬಂದು ನಿಂತಿರುವುದನ್ನು ಗಮನಿಸಬೇಕು. ಇದರ ಜೊತೆಗೆ ಇನ್ನೊಂದು ಮಾತು. ‘ಕುಡ್’ ಎಂಬುದರ ಬರವಣಿಗೆಯಲ್ಲಿ ಉಚ್ಚಾರವಿಲ್ಲದ ‘ಎಲ್’ ಅಕ್ಷರವಿದೆಯಷ್ಟೆ; ಅದು ಮೂಲದಲ್ಲಿ ಇರಲೇ ಇಲ್ಲ. ಶುಡ್, ವುಡ್ ಪದಗಳನ್ನು ನೋಡಿ 15-16ನೆಯ ಶತಮಾನಗಳಲ್ಲಿ ಬರೆಯುವವರು ಇಲ್ಲಿಯೂ ಸೇರಿಸಿದರು. ಕಾಗುಣಿತ ತಪ್ಪಿದ ಮಗುವನ್ನು ಬೈಯುವ ಮುನ್ನ ಇದನ್ನು ನೆನೆಯುವುದು ಒಳಿತು.

ನಮ್ಮ ‘ಬಹುದು’ ಎಂಬುದು ಅನುಮತಿಗೂ ಸಂಭವಕ್ಕೂ ಒಂದೇ. ಇಂಗ್ಲಿಷಿನ ಪ್ರಶ್ನೆಯಲ್ಲಿ ಎಚ್ಚರ ಬೇಕು. “ಹೌ ಸೂನ್ ಮೇ ಐ ಕಮ್?” ಎಂದರೆ ಅಪ್ಪಣೆ ಕೇಳಿದಂತೆ. ಬಾವಿಯ ಆಳವನ್ನು ಊಹಿಸುವಾಗ “ಹೌ ಡೀಪ್ ಕುಡ್ ಇಟ್ ಬಿ?” ಅಥವಾ “ಮೈಟ್ ಇಟ್ ಬಿ?” ಎನ್ನುವುದು ರೂಢಿ. ಕನ್ನಡದಲ್ಲಿ ಇದಕ್ಕೆಂದೇ ಸಂಭಾವನಾರ್ಥಕ ರೂಪವಿದೆ: “ಎಷ್ಟು ಆಳವಿದ್ದೀತು?” ಬಂದಾನು, ಆದೀತು, ಇದ್ದೀತು ಎಂಬ ಈ ರೂಪಗಳು ಪೇಟೆಯ ಮಾತಿನಲ್ಲಿ ಅಪರೂಪವಾಗುತ್ತಿವೆ. ಅವನ್ನು ಬಳಸುವ ಅಜ್ಜಿ ಮನೆಯಲ್ಲಿದ್ದರೆ ಮೊಮ್ಮಗನಿಗೆ ‘ಮೈಟ್’ ಎಂಬುದನ್ನು ಬೇರೆ ವಿವರಿಸಬೇಕಾಗಿಲ್ಲ.

‘ಬೇಕು’ ಎಂಬುದರಲ್ಲಿ ಅಪಾಯ ಹೆಚ್ಚು. “ತಾವು ದಯಮಾಡಿಸಬೇಕು” ಎಂದು ಆಮಂತ್ರಣ ಪತ್ರಿಕೆಯಲ್ಲಿ ಮುದ್ರಿಸುವಾಗ ಅದು ವಿನಯ. ಅದನ್ನೇ ‘ಮಸ್ಟ್’ ಎಂದು ತಿರುಗಿಸಿ ಮೇಲಧಿಕಾರಿಗೆ “ಯು ಮಸ್ಟ್ ಗ್ರಾಂಟ್ ಮಿ ಲೀವ್” ಎಂದು ಬರೆದರೆ ಆಜ್ಞೆಯಾಗುತ್ತದೆ. ನಮಗೆ ನೀನು, ನೀವು, ತಾವು ಎಂಬ ಮೂರು ಮೆಟ್ಟಿಲುಗಳುಂಟು. ಇಂಗ್ಲಿಷಿನಲ್ಲಿ ‘ಯು’ ಒಂದೇ ಆದುದರಿಂದ ಗೌರವದ ಭಾರವನ್ನು ಬಹುಮಟ್ಟಿಗೆ ಈ ಸಹಾಯಕ ಪದಗಳೇ ಹೊರುತ್ತವೆ. “ಹೌ ಸೂನ್ ಕ್ಯಾನ್ ಯು ಕಮ್?” ಎಂಬುದಕ್ಕಿಂತ “ಹೌ ಸೂನ್ ಕುಡ್ ಯು ಕಮ್?” ಎಂಬುದರಲ್ಲಿ ‘ತಾವು’ ಇದೆಯೆಂದು ತಿಳಿಯಿರಿ.

“ಕೆಲಸ ಎಷ್ಟೇ ಕಠಿಣವಾಗಿರಲಿ” ಎಂಬಲ್ಲಿಯೂ ‘ಹೌಎವರ್’ ತನ್ನ ಗುಣವಾಚಕವನ್ನು ಬಿಟ್ಟಿರುವುದಿಲ್ಲ. “ಹೌಎವರ್ ದ ವರ್ಕ್ ಮೇ ಬಿ ಡಿಫಿಕಲ್ಟ್” ಎಂಬುದು ತಪ್ಪು. “ಹೌಎವರ್ ಡಿಫಿಕಲ್ಟ್ ದ ವರ್ಕ್ ಮೇ ಬಿ” ಎಂಬುದು ಸರಿ. ಇದು ಪ್ರಶ್ನೆಯಲ್ಲವಾದ್ದರಿಂದ ‘ಮೇ’ ಕರ್ತೃವನ್ನು ದಾಟುವುದಿಲ್ಲ.

ಮನೆಯಲ್ಲಿ ತಾಯಿ-ಮಕ್ಕಳು ಕೂಡಿ ಈ ಮೂರು ವಾಕ್ಯಗಳನ್ನು ಇಂಗ್ಲಿಷಿಗೆ ತಿರುಗಿಸಿ ನೋಡಲಿ: ಈ ಔಷಧವನ್ನು ನಾನು ಎಷ್ಟು ದಿನ ತೆಗೆದುಕೊಳ್ಳಬೇಕು? ಎಷ್ಟು ದಿನ ತೆಗೆದುಕೊಳ್ಳಬೇಕೆಂದು ವೈದ್ಯರು ನನಗೆ ಹೇಳಲಿಲ್ಲ. ಔಷಧ ಎಷ್ಟೇ ಕಹಿಯಾಗಿರಲಿ, ನೀನು ಕುಡಿಯಲೇಬೇಕು. ಉತ್ತರಗಳನ್ನು ಮುಂದಿನ ಸಂಚಿಕೆಯಲ್ಲಿ ಕೊಡುತ್ತೇನೆ.