ಆ ಪಟ್ಟಿ ಎಲ್ಲಿ, ಸ್ವಾಮಿ?

ಮಾನ್ಯ ಪ್ರಾದೇಶಿಕ ಸಾರಿಗೆ ಅಧಿಕಾರಿಗಳೇ,

ನಮ್ಮ ಬಡಾವಣೆಯ ನಿವೃತ್ತ ಶಿಕ್ಷಕಿಯ ವಿಚಾರ ತಮಗೆ ಗೊತ್ತಿರುವುದೇ. ಆಟೊಮ್ಯಾಟಿಕ್ ಕಲಿಸುತ್ತೇವೆಂದು ಪೂರ್ತಿ ಶುಲ್ಕ ಪಡೆದ ಡ್ರೈವಿಂಗ್ ಸ್ಕೂಲು ಹಳೆಯ ಗೇರ್ ಕಾರಿನಲ್ಲೇ ದಿನ ದೂಡಿತು. ಒತ್ತಾಯಿಸಿದ ಮೇಲೆ ತಂದದ್ದು ಯಾರದೋ ಸ್ವಂತ ಕಾರು. ಕಲಿಸುವವರ ಕಾಲ ಬಳಿ ಬ್ರೇಕೇ ಇರಲಿಲ್ಲ. ಬೇಸ್‌ಮೆಂಟಿನ ಇಳಿಜಾರಿನಲ್ಲಿ ಮೇಡಂ ಬ್ರೇಕೆಂದು ಆಕ್ಸಿಲರೇಟರ್ ತುಳಿದರು. ಕಾರು ಕಂಬಕ್ಕೆ ಗುದ್ದಿತು, ಅವರ ಮಣಿಕಟ್ಟು ಮುರಿಯಿತು. ಅರ್ಜಿ, ಜ್ಞಾಪನಾ ಪತ್ರ, ಕುಂದುಕೊರತೆ ಸಭೆ ಎಲ್ಲವೂ ಆದವು. ಸಭೆಯಲ್ಲಿ ತಾವೇ ಮಾತು ಕೊಟ್ಟಿರಿ: ಡ್ಯುಯಲ್ ಕಂಟ್ರೋಲ್ (ಕಲಿಸುವವರ ಬಳಿಯೂ ಬ್ರೇಕ್) ಇರುವ ಆಟೊಮ್ಯಾಟಿಕ್ ಕಾರು ಯಾವ ಯಾವ ಸ್ಕೂಲಿನಲ್ಲಿದೆ ಎಂದು ಪರಿಶೀಲಿಸಿ, ಪಟ್ಟಿಯನ್ನು ಒಂದು ತಿಂಗಳೊಳಗೆ ಸೂಚನಾ ಫಲಕದಲ್ಲಿ ಹಾಕಿಸುತ್ತೇವೆ ಎಂದು.

ಪಟ್ಟಿ ಬರಲಿಲ್ಲ.

ಕ್ಲಚ್ಚೇ ಇಲ್ಲದ ಕಾರಿನಲ್ಲಿ ಕಲಿಯುವುದೇನಿದೆ ಎಂದು ತಮ್ಮ ಸಿಬ್ಬಂದಿ ಕೇಳಿದರಂತೆ. ಬಹಳ ಇದೆ. ಗೇರ್ ಕಾರಿನಲ್ಲಿ ಎಡಗಾಲು ಕ್ಲಚ್ ಒತ್ತಿ ಒತ್ತಿ ಪಳಗುತ್ತದೆ. ಅದೇ ಅಭ್ಯಾಸದಲ್ಲಿ ಆಟೊಮ್ಯಾಟಿಕ್‌ನಲ್ಲಿ ಆ ಕಾಲು ಅಗಲವಾದ ಬ್ರೇಕಿನ ಮೇಲೆ ಬಿದ್ದರೆ ನಡುರಸ್ತೆಯಲ್ಲೇ ಗಾಡಿ ಗಕ್ಕನೆ ನಿಲ್ಲುತ್ತದೆ. ಎಡಗಾಲನ್ನು ಸುಮ್ಮನಿಟ್ಟು, ಬಲಗಾಲೊಂದರಿಂದಲೇ ಎರಡೂ ಪೆಡಲ್ ನೋಡಿಕೊಳ್ಳುವುದನ್ನು ರೂಢಿಸಬೇಕು. ‘ಡಿ’ಗೆ ಹಾಕಿ ಬ್ರೇಕಿನಿಂದ ಕಾಲೆತ್ತಿದರೆ ಸಾಕು, ಬಹುಪಾಲು ಕಾರುಗಳು ತಾವಾಗಿ ಮುಂದೆ ಸರಿಯುತ್ತವೆ. ಏರಿನಲ್ಲಿ ಕೆಲವು ಎಎಂಟಿ (ಕ್ಲಚ್, ಗೇರನ್ನು ಯಂತ್ರವೇ ನಡೆಸುವ) ಕಾರುಗಳು ಹಿಂದಕ್ಕೆ ಜಾರುತ್ತವೆ. ಇವನ್ನೆಲ್ಲ ಪಕ್ಕದಲ್ಲಿ ಬ್ರೇಕ್ ಇಟ್ಟುಕೊಂಡವರು ಕೂತು ಕಲಿಸಬೇಕು.

ಇಂಥ ಕಾರು ಈಗ ಅಪರೂಪವೂ ಅಲ್ಲ. 2014ರಲ್ಲಿ ಮಾರುತಿ ಸೆಲೆರಿಯೊ ಎಎಂಟಿಯೊಂದಿಗೆ ಬಂದ ಮೇಲೆ ಆಟೊಮ್ಯಾಟಿಕ್ ಮಧ್ಯಮ ವರ್ಗದ ಕೈಗೆಟುಕಿತು. ಈಗಿನ ಎಲೆಕ್ಟ್ರಿಕ್ ಕಾರುಗಳಿಗೂ ಕ್ಲಚ್ ಇಲ್ಲ. ಜಪಾನ್ 1991ರಲ್ಲೇ ಆಟೊಮ್ಯಾಟಿಕ್‌ಗೆ ಸೀಮಿತವಾದ ಲೈಸೆನ್ಸ್ ತಂದಿತು. ನಮ್ಮಲ್ಲಿ ಬೈಕಿಗೆ ‘ಗೇರ್ ಸಹಿತ’, ‘ಗೇರ್ ರಹಿತ’ ಎಂಬ ಭೇದವಿದೆ. ಕಾರಿಗೆ ಎಲ್‌ಎಂವಿ (ಲಘು ಮೋಟಾರು ವಾಹನ) ಒಂದೇ. ಲೈಸೆನ್ಸ್ ನೋಡದ ವ್ಯತ್ಯಾಸವನ್ನು ತರಬೇತಿಯಾದರೂ ನೋಡಬೇಡವೇ?

ಹೊಸ ಕಾನೂನನ್ನೇನೂ ಯಾರೂ ಕೇಳುತ್ತಿಲ್ಲ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳೇ ಸ್ಕೂಲಿನ ವಾಹನಕ್ಕೆ ಡ್ಯುಯಲ್ ಕಂಟ್ರೋಲ್ ಕಡ್ಡಾಯ ಮಾಡಿವೆ. ಕಾರು ಕಲಿಕೆ ಕನಿಷ್ಠ 21 ದಿನ, ಚಾಲನೆ ಕನಿಷ್ಠ 10 ಗಂಟೆ ಎಂದೂ ಹೇಳಿವೆ. ಯಾರು ಎಷ್ಟು ಹೊತ್ತು ಓಡಿಸಿದರೆಂದು ಬರೆದಿಡಲು ನಮೂನೆ 15 ಇದೆ. ಮೇಡಂ ಹೆಸರಿನ ಆ ಪುಟವನ್ನು ನೀವು ತರಿಸಿ ನೋಡಿದಿರಾ? ಸ್ಕೂಲಿನ ಪರವಾನಗಿಯನ್ನು ಅಮಾನತಿನಲ್ಲಿಡುವ ಅಧಿಕಾರವೂ ನಿಯಮದಲ್ಲಿದೆ. ಅದನ್ನು ಬಳಸುವುದಿರಲಿ, ಹಾಳೆಯೊಂದನ್ನು ಫಲಕಕ್ಕೆ ಅಂಟಿಸಲೂ ನಿಮ್ಮಿಂದ ಆಗಲಿಲ್ಲ. ಸಭೆಯಲ್ಲಿ ಮಾತು ಕೊಟ್ಟವರು ನೀವೇ. ಅದನ್ನು ನಂಬಿ ಪೊಲೀಸ್ ದೂರು ಬೇಡವೆಂದು ತಡೆದ ಮನೆಯವರಿಗೆ ಇಂದು ಏನು ಹೇಳುತ್ತೀರಿ?

ಎಡಗಾಲಿನಲ್ಲಿ ಶಕ್ತಿಯಿಲ್ಲದವರಿಗೆ ಆಟೊಮ್ಯಾಟಿಕ್ ಕಾರೇ ದಾರಿ. ಅವರು ಎಲ್ಲಿ ಕಲಿಯಬೇಕು? ನಿಮ್ಮ ಗೇಟಿನಲ್ಲೇ ಏಜೆಂಟರು ಗಿರಾಕಿ ಹಿಡಿಯುತ್ತಾರೆ. ಒಳಗೆ ಅರ್ಜಿ ಎಲ್ಲಿದೆಯೆಂದು ಕೇಳಿದರೆ ‘ನಾಳೆ ಬನ್ನಿ’ ಎನ್ನುತ್ತಾರೆ. ಸ್ಕೂಲುಗಳ ದರಪಟ್ಟಿ ಕಾಣುವುದಿಲ್ಲ, ತಪಾಸಣೆ ನಡೆದ ಗುರುತಿಲ್ಲ. ಇಷ್ಟೂ ಬದಲಾಗಬೇಕು. ಸದ್ಯಕ್ಕೆ ಮೂರು ಕೆಲಸ ಮಾಡಿ: ಒಪ್ಪಿದ ಪಟ್ಟಿಯನ್ನು ಹಾಕಿ, ಆ ಸ್ಕೂಲಿನ ದಾಖಲೆ ವಶಕ್ಕೆ ಪಡೆದು ವಿಚಾರಣೆ ನಡೆಸಿ, ಶುಲ್ಕ ಮತ್ತು ಆಸ್ಪತ್ರೆ ಖರ್ಚು ಯಾರು ಕೊಡುತ್ತಾರೆಂದು ಮೇಡಂಗೆ ಲಿಖಿತವಾಗಿ ತಿಳಿಸಿ.

ಇಂತಿ,
ಬಡಾವಣೆಯ ನಿವಾಸಿಗಳ ಪರವಾಗಿ