ಹಕ್ಕಿ ಗುರುತಿಸಿದ್ದು ಯಾರು?

ಪುಣಜನೂರಿನ ಚೆಕ್‌ಪೋಸ್ಟ್ ಬಳಿ ಒಂದು ಭಾನುವಾರ ಕಾರು ನಿಲ್ಲಿಸಿ, ಮೊಬೈಲಿನಲ್ಲಿ ನಲವತ್ತು ಹಕ್ಕಿಗಳಿಗೆ ಟಿಕ್ ಹಾಕಿ ಹೊರಡುವುದು ಪಕ್ಷಿವೀಕ್ಷಣೆಯಾದರೆ, ಬಸ್ಸಿನ ಕಿಟಕಿಯಿಂದ ಊರು ಕಂಡವರನ್ನೂ ಊರಿನವರೆನ್ನಬೇಕಾಗುತ್ತದೆ.

ಬಿಳಿಗಿರಿರಂಗನಬೆಟ್ಟ ಹುಲಿ ಸಂರಕ್ಷಿತ ಪ್ರದೇಶದ ಈ ವಲಯ ಋತುವಿಗೊಂದು ಕಾಡು. ಚಳಿಗಾಲಕ್ಕೆ ಬಂದ ಬೂದು ಕುಂಡೆಕುಸ್ಕ ಕಡುಬೇಸಿಗೆಯಲ್ಲಿ ಇರುವುದಿಲ್ಲ. ಎಲೆ ಉದುರಿದ ಮರಗಳಲ್ಲಿ ಕುಟ್ರುಹಕ್ಕಿಯದೇ ಸದ್ದು. ಮಳೆಗಾಲ ಕಳೆಯುವಷ್ಟರಲ್ಲಿ ಗಂಡು ನವಿಲಿನ ಉದ್ದ ಗರಿಗಳು ಉದುರಿರುತ್ತವೆ. ಇದೆಲ್ಲ ಒಂದು ಭಾನುವಾರಕ್ಕೆ ದಕ್ಕುವುದಲ್ಲ.

ವರ್ಷವಿಡೀ ಇದನ್ನು ಕಾಣುತ್ತ ಬಂದವರು ಸೋಲಿಗರು. ಅವರ ಪಕ್ಷಿಜ್ಞಾನವನ್ನೇ ಕುರಿತು ಸಮೀರಾ ಅಗ್ನಿಹೋತ್ರಿ ಮತ್ತು ಆಂಗ್ ಸಿ 2012ರಲ್ಲಿ ಪ್ರಬಂಧ ಪ್ರಕಟಿಸಿದರು. ಆದರೂ ನಮ್ಮ ಎಷ್ಟೋ ಬರಹಗಳಲ್ಲಿ ಸೋಲಿಗರು ಇನ್ನೂ ‘ಸ್ಥಳೀಯ ಸಹಾಯಕರು’. ಕೃತಜ್ಞತೆಯ ಪುಟದ ಕೊನೆಯ ಸಾಲು. ಭೀಮರಾಜ ಬೇರೆ ಹಕ್ಕಿಗಳ ಕೂಗನ್ನು ಅನುಕರಿಸುತ್ತದೆ. ಕೂಗಿದ್ದು ಭೀಮರಾಜನೋ, ನಿಜವಾದ ಹಕ್ಕಿಯೋ ಎಂದು ಬಿಡಿಸಿ ಹೇಳುವ ಕಿವಿಗೆ ದಿನಗೂಲಿ. ಕೇಳಿ ಬರೆದುಕೊಂಡ ಕೈಗೆ ಡಾಕ್ಟರೇಟ್!

ಪಟ್ಟಿ ಬೇಡವೆಂದಲ್ಲ. ಅದರಲ್ಲಿ ಹಕ್ಕಿಯ ಸೋಲಿಗ ಹೆಸರಿರಲಿ, ಅವರು ಒಪ್ಪಿದರೆ ಗುರುತಿಸಿಕೊಟ್ಟವರ ಹೆಸರೂ ಇರಲಿ. ಅವರ ತಿಳಿವಳಿಕೆಯ ಮೇಲೆ ನಿಂತ ಪ್ರಬಂಧಕ್ಕೆ ಅವರು ಸಹಲೇಖಕರಾಗಲಿ. ಇಷ್ಟನ್ನೂ ಮಾಡದಿದ್ದರೆ, ಪಟ್ಟಿ ಎಷ್ಟೇ ಉದ್ದವಿರಲಿ, ಅದು ಇನ್ನೊಬ್ಬರ ದುಡಿಮೆ.